ಮೂಗಿನ ಪಟ್ಟಿಗೆ ಸಿರುಗುಪ್ಪದ ಅಕ್ಕಿ ಹಿಟ್ಟು

ನಾನು ಸಿಟ್ಟಿನವಳು. ಬಳ್ಳಾರಿಯ ಬಿಸಿಲಲ್ಲಿ ಬೆಳೆದವಳಿಗೆ ಇಷ್ಟಾದರೂ ಇರಬೇಡವೇ ಎಂದು ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತೇನೆ. ಒಂದು ವಾರ ಆ ಸಿಟ್ಟೆಲ್ಲ ಕಿರುಬೆರಳಿಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಸೀಸೆಯ ಮೇಲೆ ಹರಿಯಿತು.

ಸೀಸೆಯಲ್ಲಿದ್ದದ್ದು ಆಂಟಿಬಾಡಿ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ನೂರಾರು ಬಗೆ. ಅವುಗಳಲ್ಲಿ ಒಂದನ್ನೇ ಹುಡುಕಿ ಅಂಟಿಕೊಳ್ಳುವುದು ಇದರ ಕೆಲಸ. ಕಾಗದದಂಥ ಬಿಳಿ ಪಟ್ಟಿಯ ಮೇಲೆ ಪರೀಕ್ಷಿಸಿದರೆ, ಅಂಟಿಕೊಂಡ ಜಾಗ ಕಪ್ಪು ಗೆರೆಯಾಗಿ ಕಾಣುತ್ತದೆ. ಆದರೆ ಈ ಜಾತಿಯವುಗಳನ್ನು ಸುಮ್ಮನೆ ನಂಬುವಂತಿಲ್ಲ, ಕೆಲವು ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. ಹಾಗಾಗಿ ಗ್ರಾಹಕ ಇರುವ ಒಂದು ಪಟ್ಟಿ, ಇಲ್ಲದ ಒಂದು ಪಟ್ಟಿ, ಎರಡನ್ನೂ ಅದರ ಹನಿ ಬೆರೆಸಿದ ನೀರಲ್ಲಿ ಅದ್ದಿ ನೋಡಬೇಕು. ಇಲ್ಲದ ಪಟ್ಟಿ ಬೆಳ್ಳಗೇ ಉಳಿದರೆ ಆಂಟಿಬಾಡಿ ಪಾಸು. ಅದ್ದುವ ಮೊದಲು ಪಟ್ಟಿಗಳನ್ನು ಹಾಲಿನ ಪುಡಿ ಕಲಸಿದ ನೀರಲ್ಲಿ ನೆನೆಸುತ್ತೇವೆ. ಖಾಲಿ ಜಾಗವನ್ನೆಲ್ಲ ಹಾಲು ಮುಚ್ಚಿಕೊಂಡರೆ ಆಂಟಿಬಾಡಿ ಸಿಕ್ಕಲ್ಲೆಲ್ಲ ಕೂರುವುದಿಲ್ಲ. ಕಿರಾಣಿ ಅಂಗಡಿಯ ಸಾದಾ ಹಾಲಿನ ಪುಡಿ. ಲ್ಯಾಬಿನ ಕಪಾಟಿನಲ್ಲಿ ಅದರದೊಂದು ಡಬ್ಬಿ ಇತ್ತು.

ಮೂರು ಸಲ ಮಾಡಿದೆ. ಮೂರು ಸಲವೂ ಎರಡೂ ಪಟ್ಟಿ ಬಾಣಲೆಯ ತಳದ ಹಾಗೆ ಕರ್ರಗೆ. ಹಾಲು ಯಾಕೋ ತಳಕ್ಕೆ ಕೂರುತ್ತಿತ್ತು. ನೀರು ಶುದ್ಧ ಮಾಡುವ ಯಂತ್ರವನ್ನು ಬೈದೆ. ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಸರ್ ಕನ್ನಡಕ ಹಣೆಗೇರಿಸಿ, "ಸೀಸೆದಾಗ ಇನ್ನೊಂದೇ ಸಲಕ್ಕ ಆಗೋವಷ್ಟು ಉಳದೈತಿ. ಈ ಸಲನೂ ಹಿಂಗ ಬಂದ್ರ ಮೂಗು ಬಿಟ್ಟು ಬ್ಯಾರೆ ವಿಷಯ ತಗೋರಿ" ಎಂದರು. ನನ್ನ ಎರಡು ವರ್ಷದ ಕೆಲಸ. ಅಳು ಬಂತು. ಅಳುವ ಬದಲು ಸೀಸೆ ಮಾರಿದ ಕಂಪನಿಗೆ ಮೂರು ಪುಟದ ಬೈಗುಳ ಬರೆಯಲು ಕೂತೆ.

ಲ್ಯಾಬ್ ಗುಡಿಸಲು ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ ಅಕ್ಕ ನನ್ನ ಮುಖ ನೋಡಿ ಪೊರಕೆ ನಿಲ್ಲಿಸಿದಳು.

"ಏನಾತ್ರಿ ಮೇಡಂ?"

"ಎಲ್ಲಾ ಹಾಳಾತಕ್ಕ. ಪಟ್ಟಿಗಿ ಹಾಲೇ ಹಿಡೀವಲ್ದು."

ಅಕ್ಕ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಹಾಲು ಎಲ್ಲೈತ್ರಿ ಅದರಾಗ? ಅಕ್ಕಿ ಹಿಟ್ಟು ಐತಿ."

ಹಿಂದಿನ ವಾರ ಸರ್ ಅವರನ್ನು ನೋಡಲು ಏಳೆಂಟು ಜನ ಬಂದಿದ್ದರು. ಕ್ಯಾಂಟೀನು ಮುಚ್ಚಿತ್ತು. ಚಹಾ ಕುಡಿಸದೆ ಮಂದಿಯನ್ನು ಕಳಿಸುವುದುಂಟೇ? ಅಕ್ಕ ನನ್ನ ಡಬ್ಬಿಯನ್ನು ಪೂರ್ತಿ ಬರಿದು ಮಾಡಿ ಚಹಾ ಕಾಸಿದಳು. ಮರುದಿನ ಸಿರುಗುಪ್ಪದ ಮಗಳು ಕೊಟ್ಟಿದ್ದ ಅಕ್ಕಿ ಹಿಟ್ಟು ತಂದು ಅದಕ್ಕೆ ತುಂಬಿಟ್ಟಳು.

"ಖಾಲಿ ಇಟ್ಟಿದ್ರ ನನಗ ಗೊತ್ತರ ಆಗ್ತಿತ್ತಲ್ಲ" ಎಂದು ಕೂಗಾಡಿದೆ.

"ಮಂದಿ ಡಬ್ಬಿ ಖಾಲಿ ಹೆಂಗ ಇಡ್ಲಿರಿ? ನೀವೂ ದಿನಾ ಕಲಸ್ತಿದ್ರಿ, ಏನೂ ಅನ್ನಲಿಲ್ಲ. ಪಸಂದ್ ಆಗೈತಿ ಅಂದ್ಕೊಂಡೆ."

'ಮಂದಿ ಡಬ್ಬಿ' ಎಂದಾಗ ನನ್ನ ಮನೆಯಲ್ಲಿದ್ದ ಅವಳ ಡಬ್ಬಿ ನೆನಪಾಯಿತು. ಅವಳು ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬಿ ಮೂರು ವಾರದಿಂದ ನನ್ನ ಅಡುಗೆಮನೆಯಲ್ಲೇ ಇತ್ತು. ಚಟ್ನಿ ನಾಲ್ಕೇ ದಿನಕ್ಕೆ ಮುಗಿದಿತ್ತು. ವಾಪಸ್ ಕೊಡುವಾಗ ಒಳಗೆ ಏನು ಹಾಕಲಿ ಎಂದು ತೋಚದೆ ಇಟ್ಟುಕೊಂಡಿದ್ದೆ. ಅದಕ್ಕಿಂತ ನಾಚಿಕೆಯೆಂದರೆ, ವಾಸನೆಯ ಮೇಲೆ ಸಂಶೋಧನೆ ಮಾಡುವ ನಾನು ಲ್ಯಾಬಿನ ಡಬ್ಬಿಯಲ್ಲಿದ್ದ ಪುಡಿಯನ್ನು ಒಂದು ಸಲವೂ ಮೂಸಿ ನೋಡಿರಲಿಲ್ಲ.

ಹೊಸ ಹಾಲಿನ ಪುಡಿ ತಂದು, ಕೊನೆಯ ಹನಿ ಹಾಕಿ, ಉಸಿರು ಬಿಗಿಹಿಡಿದು ಕೂತೆ. ಒಂದು ಪಟ್ಟಿ ಬೆಳ್ಳಗೆ ಉಳಿಯಿತು. ಇನ್ನೊಂದರ ನಡುವೆ ಒಂದೇ ಒಂದು ಕಪ್ಪು ಗೆರೆ. ಕುಣಿಯುವಷ್ಟು ಖುಷಿಯಾಯಿತು. ಅಕ್ಕ ಬಗ್ಗಿ ನೋಡಿ, "ಇಷ್ಟು ಸಣ್ಣ ಗೆರಿಗಾ ಅಷ್ಟು ಒದರಾಡಿದ್ರಿ?" ಎಂದಳು.

ಮೂಗು ಬಿಡಬೇಕಿಲ್ಲ ಎಂದು ಸರ್ ಒಪ್ಪಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಮತ್ತೆ ಹಣೆಗೇರಿಸಿ, "ಆದ್ರೂ ಆ ಚಹಾ ಭಾಳ ಚಲೋ ಇತ್ತು" ಎಂದರು.

ಮರುದಿನ ಅಕ್ಕನ ಸ್ಟೀಲ್ ಡಬ್ಬಿಗೆ ಹಾಲಿನ ಪುಡಿ ತುಂಬಿ ಕೊಟ್ಟೆ. ಅವಳು ಮುಚ್ಚಳ ತೆಗೆದು, ಮೊದಲು ಮೂಸಿ ನೋಡಿದಳು.