ನಮ್ಮ ಗೇಟಿನ ಎದುರು ನಿಂತ ಬಸ್ಸು

ಹೋದ ಗುರುವಾರ ಮಧ್ಯಾಹ್ನ ನಾನು ನಮ್ಮ ಮನೆಯ ಗೇಟಿನ ಎದುರು ಬಸ್ಸಿನಿಂದ ಇಳಿದೆ. ಇದೂ ಒಂದು ಬರೆಯುವ ಸಂಗತಿಯೇ ಎಂದು ನೀವು ಕೇಳಬಹುದು. ಹೌದು. ಏಕೆಂದರೆ ನಮ್ಮ ಗೇಟಿನ ಎದುರು ಬಸ್ ಸ್ಟಾಪ್ ಇಲ್ಲ.

ತಿಂಗಳ ಹಿಂದೆ ಪೇಪರಿನ ಇದೇ ಅಂಕಣದಲ್ಲಿ ನಾನು ಬರೆದದ್ದು ಕೆಲವರಿಗೆ ನೆನಪಿರಬಹುದು. (ನೆನಪಿಲ್ಲದವರು ಪುಣ್ಯವಂತರು.) ನಮ್ಮ ಪ್ರೈವೇಟ್ ಬಸ್ಸುಗಳು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತವೆ, ಹಿಂದಿನ ಲಾರಿ, ಸ್ಕೂಟರು, ಕಾರು ಎಲ್ಲ ಹಾರ್ನ್ ಹೊಡೆಯುತ್ತ ಕಾಯಬೇಕು, ಬೆಳೆಯುವ ಊರಿಗೆ ಇದೆಂಥ ಶಿಸ್ತು ಎಂದು ಖಾರವಾಗಿಯೇ ಬರೆದಿದ್ದೆ. ಸ್ಟಾಪಿನಲ್ಲಿ ಮಾತ್ರ ನಿಲ್ಲಿಸಲಿ, ತಪ್ಪಿದರೆ ದಂಡ ಹಾಕಿ ಎಂದೂ ಸೇರಿಸಿದ್ದೆ.

ಆಮೇಲೆ ಉಡುಪಿಯಲ್ಲಿ ನಾಗರಿಕರ ಸಭೆ ನಡೆಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಉಳಿದಿರುವ ಒಂದೇ ಒಂದು ಬಯಲನ್ನು ಬಸ್ಸುಗಳಿಗೆ ಕೊಡಬೇಕು ಎಂದು ಅರ್ಧ ಜನ. ಮಕ್ಕಳಿಗೆ ಆಡಲು ಬಿಡಬೇಕು ಎಂದು ಉಳಿದರ್ಧ. ಎರಡು ತಾಸು ಕೂಗಾಡಿದರೂ ಬಯಲಿನ ವಿಷಯ ಬಗೆಹರಿಯಲಿಲ್ಲ. ಬಸ್ಸಿನ ಧಣಿಗಳೂ ಸೇರಿ ಎಲ್ಲರೂ ಒಪ್ಪಿದ್ದು ನನ್ನ ಸ್ಟಾಪಿನ ಮಾತನ್ನು ಮಾತ್ರ. ಚಪ್ಪಾಳೆ ಬಿತ್ತು. ಆ ಖುಷಿಯಲ್ಲೇ ಬಸ್ ಹತ್ತಿ ಬಂದು ಮನೆಯ ಗೇಟಿನ ಎದುರು ಇಳಿದೆ. ದೇವರಾಣೆಗೂ ಆಗ ಏನೂ ಅನ್ನಿಸಲಿಲ್ಲ. ಹದಿನೇಳು ವರ್ಷಗಳಿಂದ ಅಲ್ಲೇ ಇಳಿಯುತ್ತಿದ್ದೇನೆ. ಅದು ಸ್ಟಾಪ್ ಅಲ್ಲ ಎಂಬುದೇ ಮರೆತುಹೋಗಿತ್ತು!

ಈಗ ಗುರುವಾರಕ್ಕೆ ಬರುತ್ತೇನೆ.

ನಾನು ಪಾಠ ಮಾಡುವ ಶಾಲೆ ಅಂದು ಅರ್ಧ ದಿನವಿತ್ತು. ಉಡುಪಿಯಿಂದ ಕಾಪು ಕಡೆಗೆ ಹೋಗುವ ಬಸ್ ಹತ್ತಿದೆ. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಎದುರಿಗೆ ದೇವರ ಫೋಟೋ, ಊದುಬತ್ತಿ, ಅದರ ಪಕ್ಕದಲ್ಲಿ ಅಂಟಿಸಿದ ಒಂದು ಪೇಪರ್ ಕಟಿಂಗ್. ಬಗ್ಗಿ ನೋಡಿದರೆ ನನ್ನದೇ ಬರಹ! ಧಣಿಗಳೇ ಅಂಟಿಸಿದ್ದು ಎಂದು ಕಂಡಕ್ಟರ್ ಸದಾಶಿವ ಹೇಳಿದ. ಎಷ್ಟು ಹಿಗ್ಗಿದೆನೆಂದರೆ, ಕೂತಲ್ಲಿಂದಲೇ ಎರಡು ಸಲ ಓದಿದೆ. (ಅಚ್ಚಿನ ತಪ್ಪು ಒಂದಿತ್ತು.)

ಹಿಂದಿನ ಸೀಟಿನಲ್ಲಿ ಗಿರಿಜಕ್ಕ ಇದ್ದರು. ಮಟ್ಟುವಿನಿಂದ ಬುಟ್ಟಿಯಲ್ಲಿ ಗುಳ್ಳ ಬದನೆ ಹೊತ್ತು ತಂದು ನಮ್ಮ ಮನೆಗೂ ಕೊಡುವವರು. ಪಕ್ಕದಲ್ಲಿ ಅವರ ಗಂಡ, ಒಂದು ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ. ಮಣಿಪಾಲದಲ್ಲಿ ಆಪರೇಷನ್ ಮುಗಿಸಿ ಮನೆಗೆ ಹೊರಟಿದ್ದರು.

ಕಟಪಾಡಿ ದಾಟಿದ ಮೇಲೆ ಗದ್ದೆಗಿಳಿಯುವ ಒಂದು ಕಾಲುದಾರಿ ಇದೆ. ಅಲ್ಲಿ ಇಳಿದರೆ ಅವರ ಮನೆ ಹತ್ತಿರ. ಗಿರಿಜಕ್ಕ ಎದ್ದು ನಿಂತರು.

"ಇಲ್ಲೊಮ್ಮೆ ನಿಲ್ಲಿಸು ಮಗಾ."

"ಇಲ್ಲಿ ಸ್ಟಾಪ್ ಇಲ್ಲ ಗಿರಿಜಕ್ಕ. ಇನ್ನು ಮುಂದಿನದ್ದರಲ್ಲೇ."

"ಯಾವಾಗಲೂ ಇಲ್ಲೇ ಇಳಿಯುವುದಲ್ವಾ? ಇವರ ಕಣ್ಣಿಗೆ ಧೂಳು ತಾಗಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಅಲ್ಲಿಂದ ರೋಡಿನಲ್ಲೇ ವಾಪಸು ನಡೆಯಬೇಕು ಮಾರಾಯ."

"ನಾನೆಂತ ಮಾಡಲಿ? ಈಗ ಭಾರೀ ಸ್ಟ್ರಿಕ್ಟ್. ಬೇಕಾದರೆ ಮಾಸ್ಟ್ರಲ್ಲೇ ಕೇಳಿ. ಬರೆದದ್ದು ಅವರೇ."

ಗಿರಿಜಕ್ಕ ನನ್ನ ಕಡೆ ತಿರುಗಿದರು. ಅವರ ಮುಖ ಅರಳಿತು. ಗುರುತಿನವರು ಸಿಕ್ಕಿದರು, ಇನ್ನು ಚಿಂತೆಯಿಲ್ಲ ಎಂಬಂತೆ.

"ಹೌದಾ ಮಾಸ್ಟ್ರೇ? ಹಾಗಾದರೆ ನೀವೇ ಒಂದು ಮಾತು ಹೇಳಿ."

ಒಂದು ಮಾತು. 'ನಿಲ್ಲಿಸು ಸದಾಶಿವ' ಎಂದಿದ್ದರೆ ಸಾಕಿತ್ತು. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎದುರಿಗೆ ನನ್ನ ಕಟಿಂಗ್ ಬೇರೆ. ನನ್ನ ಬಾಯಿಂದ ಏನು ಬಂತು ಗೊತ್ತೇ?

"ರೂಲ್ಸ್ ಎಲ್ಲರಿಗೂ ಒಂದೇ ಅಲ್ವಾ ಗಿರಿಜಕ್ಕ."

ಅವರು ಗಂಡನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಅರ್ಧ ಮೈಲಿ ಮುಂದೆ ಸ್ಟಾಪಿನಲ್ಲಿ ಇಳಿದರು. ಕಿಟಕಿಯಿಂದ ನೋಡಿದೆ. ಗಿರಿಜಕ್ಕ ಗಂಡನ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿದ್ದರು. ಹಂಚಿನ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಕೆಂಪು ಧೂಳು ಎದ್ದಿತು. ಅವರು ಅಲ್ಲೇ ನಿಂತು, ಸೆರಗು ಎಳೆದು ಗಂಡನ ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ರಸ್ತೆ ತಿರುಗಿತು, ಅವರು ಕಾಣಿಸಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಬೆಲ್ ಆಯಿತು. ಬಸ್ ನಿಂತಿತು.

"ಇಳಿಯಿರಿ ಮಾಸ್ಟ್ರೇ" ಎಂದ ಸದಾಶಿವ. ಹೊರಗೆ ನಮ್ಮ ಗೇಟು.

"ಇಲ್ಲಿ ಸ್ಟಾಪ್ ಇಲ್ಲವಲ್ಲ" ಎಂದೆ.

"ನಿಮಗೆಂತ ಸ್ಟಾಪ್ ಮಾರಾಯ್ರೆ! ನೀವು ಬರೆದವರಲ್ವಾ?"

ಅವನು ಕೊಂಕು ಮಾತಾಡಿದ್ದರೆ ಸಹಿಸಬಹುದಿತ್ತು. ಅವನದ್ದು ಅಪ್ಪಟ ಗೌರವ. ಸ್ಟಾಪಿಗೇ ಬಿಡು, ಅಲ್ಲಿಂದ ನಡೆದು ಬರುತ್ತೇನೆ ಎನ್ನಬಹುದಿತ್ತು. ಹಿಂದೆ ಸ್ಕೂಟರಿನವನೊಬ್ಬ ಹಾರ್ನ್ ಹೊಡೆಯುತ್ತಿದ್ದ. ಬಿಸಿಲೂ ಇತ್ತು. ಇಳಿದುಬಿಟ್ಟೆ.

ಬಸ್ ನಿಂತ ಸದ್ದು ಕೇಳಿದರೆ ನನ್ನ ಹೆಂಡತಿ ಬಡಿಸಿಡುತ್ತಾಳೆ. ಒಳಗೆ ಹೋದಾಗ ಎಲೆ ಹಾಕಿಯಾಗಿತ್ತು. ಅಂದು ಮಾಡಿದ್ದು ಗುಳ್ಳದ ಹುಳಿ. ಗಿರಿಜಕ್ಕ ಆ ವಾರದ ಮೊದಲಿಗೆ ಕೊಟ್ಟ ಗುಳ್ಳ. ಎರಡು ತುತ್ತು ತಿಂದು ಎದ್ದೆ. ಹೊಟ್ಟೆ ಸರಿಯಿಲ್ಲ ಎಂದು ಹೇಳಿದೆ, ಅದೂ ಸುಳ್ಳು. ನಾಚಿಕೆಯಾಗುತ್ತಿದೆ ಎಂದು ಹೆಂಡತಿಗೆ ಹೇಳಲಿಕ್ಕೂ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಗಿರಿಜಕ್ಕ ಎಂದಿನಂತೆ ಬಂದರು. ಅಂಗಳದಲ್ಲಿ ಬುಟ್ಟಿ ಇಳಿಸಿದರು. ಒಳಗೇ ಅಡಗಿ ಕೂರೋಣ ಎನ್ನಿಸಿತು, ಆದರೂ ಹೊರಗೆ ಬಂದೆ.

"ಅವರ ಕಣ್ಣು ಹೇಗುಂಟು?" ಎಂದು ಕೇಳಿದೆ.

"ಕೆಂಪಾಗಿ ನೀರು ಬರ್ತಾ ಉಂಟು. ಮತ್ತೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು" ಎಂದರು. ಬೈಯಲಿಲ್ಲ. ನನ್ನತ್ತ ಮುಖ ಗಂಟಿಕ್ಕಲೂ ಇಲ್ಲ. ಎರಡು ಗುಳ್ಳ ಹೆಚ್ಚಿಗೆ ಹಾಕಿ ಹೇಳಿದರು, "ನೀವು ಪೇಪರಿನಲ್ಲಿ ಬರೆದರೆ ನಡೀತದೆ ಅಲ್ವಾ ಮಾಸ್ಟ್ರೇ? ನಮ್ಮ ದಾರಿಯ ಹತ್ತಿರ ಒಂದು ಸ್ಟಾಪ್ ಕೊಡಲಿಕ್ಕೆ ಬರೀತೀರಾ?"

ಬರೆಯುತ್ತೇನೆ ಎಂದೆ. ಕ್ಷಮಿಸಿ ಎನ್ನಬೇಕಿತ್ತು, ಅದು ಮಾತ್ರ ಬಾಯಿಗೆ ಬರಲಿಲ್ಲ. ಅದನ್ನು ಇಲ್ಲಿ ನಿಮ್ಮೆದುರು ಹೇಳುತ್ತಿದ್ದೇನೆ. ಗಿರಿಜಕ್ಕನಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಶುಕ್ರವಾರ, ಶನಿವಾರ, ಮತ್ತೆ ಇದೇ ಸೋಮವಾರ ಸಂಜೆಯೂ ಬಸ್ ನಮ್ಮ ಗೇಟಿನ ಎದುರು ನಿಂತಿತು. ಮೂರು ಸಲವೂ ಇಳಿದೆ.

ಆ ಕಾಲುದಾರಿಯ ಹತ್ತಿರ ಒಂದು ಸ್ಟಾಪ್ ಕೊಡಿ ಎಂದು ಈಗ ಬರೆದಿದ್ದೇನೆ. ನಮ್ಮ ಗೇಟಿನ ಎದುರು ನಿಲ್ಲಿಸಬೇಡಿ ಎಂದು ಬರೆಯಲು ಕೈ ಯಾಕೆ ಬರುತ್ತಿಲ್ಲ?