ಷಡ್ಡಕನ ಕಾಲಿಗೆ ಬಿದ್ದ ಔಷಧಿ

ನನ್ನ ಷಡ್ಡಕನ ಎಡಗಾಲಿನ ಮೀನಖಂಡದ ಮೇಲೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಸೊಳ್ಳೆ ಕಚ್ಚಿದ ಗುರುತಿಗಿಂತ ಒಂದು ಸುತ್ತು ದೊಡ್ಡವು, ಅಷ್ಟೇ. ಆದರೆ ಮಾವನ ಮನೆಯ ಹಜಾರದಲ್ಲಿ ಪಂಚೆಯನ್ನು ಮೊಣಕಾಲವರೆಗೆ ಎತ್ತಿ ಅವನ್ನು ತೋರಿಸುತ್ತಿದ್ದ ಠೀವಿ ನೋಡಿದರೆ ಯುದ್ಧ ಗೆದ್ದು ಬಂದವನೂ ನಾಚಬೇಕು. ‘ಇನ್ನೂ ಅಂಗಡೀಲಿ ಸಿಗದ ಔಷಧಿ ಕಣ್ರಪ್ಪ. ನಮ್ಮಂತೋರ ಮೇಲೆ ನೋಡಿ ಆಮೇಲೆ ಲೋಕಕ್ಕೆ ಬುಡ್ತಾರಂತೆ’ ಎನ್ನುತ್ತಿದ್ದ. ಗುರುತು ಮಾಸಿಹೋದ ಮೇಲೂ ಬಹಳ ಕಾಲ ತೋರಿಸಿದ. ನೋಡುವವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನು ಗೋಡೆಗೊರಗಿ, ಅಂಥದ್ದೇ ನೋವಿರುವ ನನ್ನ ಬಲಗಾಲನ್ನು ನೀವಿಕೊಳ್ಳುತ್ತ ಒಳಗೇ ಕುದಿಯುತ್ತಿದ್ದೆ.

ಅವನು ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ ಅಣ್ಣ ಎನ್ನುತ್ತಿದ್ದೆ. ಬಿಡದಿಯ ಕಾರ್ಖಾನೆಗೆ ಕೆಲಸಗಾರರನ್ನು ತರುವ ಬಸ್ಸಿನ ಡ್ರೈವರು ಅವನು. ನನ್ನದು ಅದೇ ಊರಿನಲ್ಲಿ ತಟ್ಟೆ ಇಡ್ಲಿ ಹೋಟೆಲು. ಹೋಟೆಲಿನ ಹಿಂದಿನ ಬೀದಿಯಲ್ಲೇ ಅವನ ಮನೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದವು. ಅವನ ಬಸ್ಸಿಗೂ ನನ್ನ ಇಡ್ಲಿಗೂ ಬಿಡುವಿಲ್ಲದಂತಾಯಿತು. ಮದುವೆಯಾದಂದಿನಿಂದ ಇಬ್ಬರೂ ಒಂದೇ ಕಟ್ಟಿನ ಬೀಡಿ ಸೇದಿದವರು, ಕಾಲು ಹಿಡಿದುಕೊಂಡದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಅವನಿಗೆ ಕ್ಲಚ್ ಒತ್ತುವ ಕಾಲು, ನನಗೆ ಒಲೆಯ ಮುಂದೆ ಭಾರ ಹಾಕಿ ನಿಲ್ಲುವ ಕಾಲು. ಸ್ವಲ್ಪ ದೂರ ನಡೆದರೆ ಮೀನಖಂಡವನ್ನು ಯಾರೋ ಹಿಂಡಿದ ಹಾಗೆ ನೋವು, ನಿಂತರೆ ಮಾಯ.

ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಒಟ್ಟಿಗೇ ಹೋದೆವು. ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನು ಕಾಲಿಗೆ ಕಟ್ಟಿ ನೋಡಿದ ಡಾಕ್ಟರಮ್ಮ, ‘ಕಾಲಿಗೆ ರಕ್ತ ಒಯ್ಯೋ ದೊಡ್ಡ ನಾಳ ಇಬ್ಬರಿಗೂ ಕಟ್ಟಿಕೊಂಡಿದೆ. ಹೀಗೇ ಬಿಟ್ಟರೆ ಕಾಲು ತೆಗೀಬೇಕಾಗಬಹುದು’ ಎಂದರು. ಅಲ್ಲಿ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿತ್ತು. ನಾಲೆಯಲ್ಲಿ ಹೂಳು ತುಂಬಿದಾಗ ಪಕ್ಕದಲ್ಲಿ ಸಣ್ಣ ಕಾಲುವೆ ತೋಡುವಂತೆ ಅದು ಕಾಲಿನಲ್ಲಿ ಹೊಸ ನಾಳ ಬೆಳೆಸಬಹುದಂತೆ. ಬೆಳೆಸುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ಪ್ರಯೋಗ. ಸೇರಿದವರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಮುಗಿಯುವವರೆಗೆ ಚುಚ್ಚುವವರಿಗೂ ಗೊತ್ತಿರುವುದಿಲ್ಲ. ಅವನನ್ನು ಸೇರಿಸಿಕೊಂಡರು, ನನ್ನನ್ನು ಬಿಟ್ಟರು. ಸಕ್ಕರೆ ಕಾಯಿಲೆಯಿಂದ ನನ್ನ ಕಣ್ಣಿನ ಹಿಂಭಾಗ ಕೆಟ್ಟಿತ್ತು. ಕಾಲಿಗೆ ಹಾಕಿದ ಔಷಧಿ ಕಣ್ಣಲ್ಲೂ ನಾಳ ಬೆಳೆಸಿದರೆ ದೃಷ್ಟಿಗೇ ಅಪಾಯವೆಂದರು. ‘ನೀವು ಬೀಡಿ ಬಿಡಿ, ಮಾತ್ರೆ ತಗೊಳ್ಳಿ. ದಿನಾ ನೋವು ಬರೋವರೆಗೆ ನಡೀರಿ, ನಿಲ್ಲಿ, ಮತ್ತೆ ನಡೀರಿ. ಅದರಿಂದಲೂ ಕಾಲು ಸುಧಾರಿಸುತ್ತೆ’ ಎಂದು ಹೇಳಿ ಕಳಿಸಿದರು. ಸೂಜಿ ಅವನಿಗೆ, ಬುದ್ಧಿಮಾತು ನನಗೆ.

ಆ ವರ್ಷ ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ, ಗುಡೇಮಾರನಹಳ್ಳಿಯ ಮಾವನ ಮನೆಯಲ್ಲಿ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೊಡ್ಡಳಿಯನಿಗೆ ಮೊದಲು ಬಡಿಸುವುದು ಮೊದಲಿನಿಂದಲೂ ಇದ್ದದ್ದೇ, ಅದನ್ನು ಹೇಗೋ ನುಂಗಿಕೊಂಡಿದ್ದೆ. ಅವತ್ತು ಅತ್ತೆ ಅವನೊಬ್ಬನಿಗೇ ಎಂದು ಬೇರೆ ಪಾತ್ರೆಯಲ್ಲಿ ಕಾಲು ಸೂಪು ಕಾಯಿಸಿದ್ದರು. ಮೆಣಸಿನ ಘಾಟು ಹಜಾರಕ್ಕೆಲ್ಲ ಹರಡಿತ್ತು.

‘ನನ್ನ ಕಾಲೂ ನೋಯ್ತದೆ ಕಣತ್ತೆ’ ಎಂದೆ.

‘ನಿಂಗೇನು ಸೂಜಿ ಚುಚ್ಚವ್ರಾ?’ ಎಂದರು ಅತ್ತೆ, ನನ್ನ ಮುದ್ದೆಗೆ ಸಾರು ಬಿಡುತ್ತ.

ಅವನು ಸಾಕ್ಸ್ ಹಾಕಿಕೊಂಡೇ ಪಂಕ್ತಿಯಲ್ಲಿ ಕೂತಿದ್ದ. ಬೇರೆ ಯಾರಾದರೂ ಹಾಗೆ ಕೂತಿದ್ದರೆ ಮಾವ ಎಬ್ಬಿಸಿ ಕಳಿಸುತ್ತಿದ್ದರು. ‘ಪಾದಕ್ಕೆ ಗಾಳಿ ತಾಗ್ಬಾರ್ದಂತೆ ಮಾವ’ ಎಂದು ಸೊರ್ರೆಂದು ಸೂಪು ಹೀರಿದ. ಅದಕ್ಕೂ ಅಪ್ಪಣೆ ಸಿಕ್ಕಿತು. ಆಮೇಲೆ ಅವನು ಸಾಕ್ಸ್ ಬಿಚ್ಚಿದ್ದನ್ನು ನಾನು ನೋಡಲೇ ಇಲ್ಲ.

ಬೆಳಗಿನ ಪಾಳಿಯ ಜನರನ್ನು ಇಳಿಸಿ ಅವನು ನೇರ ನನ್ನ ಹೋಟೆಲಿಗೆ ಬರುತ್ತಿದ್ದ. ಇಡ್ಲಿ ತಿಂದು, ಕೈ ತೊಳೆದು, ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. ‘ನಾನು ಒಸಿ ನಡ್ಕಂಡು ಬತ್ತೀನಿ ಕಣ್ಲಾ. ನೀನು ಒಲೆ ಮುಂದೇನೇ ಇರು. ನಿನ್ ಕಾಲಲ್ಲಿರೋದು ಬರೀ ಇಡ್ಲಿ ಹಿಟ್ಟು, ನಂದ್ರಲ್ಲಿ ಫಾರಿನ್ ಔಷಧಿ ಓಡ್ತಾ ಐತೆ.’ ಹೋಟೆಲಿನ ಪಕ್ಕದಿಂದ ಕಾರ್ಖಾನೆಯ ಕಾಂಪೌಂಡ್ ಗೋಡೆಯ ಗುಂಟ ಹೊಸ ರಸ್ತೆ ಹೋಗುತ್ತಿತ್ತು, ಉದ್ದಕ್ಕೂ ದೀಪದ ಕಂಬಗಳು. ಅವನು ನೀರಿನ ಟ್ಯಾಂಕಿನ ಹತ್ತಿರದ ಕಂಬ ಮುಟ್ಟಿ, ಅಲ್ಲಿಂದ ಕೈಯೆತ್ತಿ ತೋರಿಸುತ್ತಿದ್ದ. ಅಷ್ಟು ದೂರದಿಂದಲೂ ಅವನ ಹಲ್ಲು ಕಾಣುತ್ತಿದ್ದವು ಎಂದರೆ ನಂಬಿ. ಒಂದು ದಿನ ತಡೆಯಲಾರದೆ ಸೌಟನ್ನು ಹೆಂಡತಿಯ ಕೈಗೆ ಕೊಟ್ಟು ಹೊರಟೆ. ಮೊದಲ ಕಂಬಕ್ಕೇ ಕಾಲು ಹಿಂಡಿತು. ನಿಂತೆ. ಅವನು ನಗುತ್ತ ವಾಪಸು ಬರುತ್ತಿದ್ದುದು ಕಂಡಿತು. ಮತ್ತೆ ನಡೆದೆ.

ಹೀಗೆ ಶುರುವಾದದ್ದು. ಡಾಕ್ಟರಮ್ಮನ ಮಾತಿಗೆ ನಾನು ಒಂದು ಹೆಜ್ಜೆಯೂ ಹಾಕಿದವನಲ್ಲ, ಹಾಕಿದ್ದೆಲ್ಲ ಹೊಟ್ಟೆಕಿಚ್ಚಿಗೆ. ಬೀಡಿ ಬಿಟ್ಟದ್ದೂ ಅದಕ್ಕೇ. ಒಮ್ಮೆ ಅವನು ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಮುಂದೆ ಹಿಡಿದ. ‘ತಗೋ, ಸೇದು. ನಾನು ಬುಟ್ಟೆ. ಔಷಧಿ ಸಿಗದೋನು ಬೀಡಿನಾದ್ರೂ ಸೇದ್ಲಿ.’ ಕಟ್ಟನ್ನು ಕಿತ್ತುಕೊಂಡು ಅವನೆದುರಿಗೇ ಒಲೆಗೆ ಹಾಕಿದೆ. ಇವತ್ತಿನವರೆಗೆ ಮುಟ್ಟಿಲ್ಲ.

ಪ್ರಯೋಗ ಮುಗಿದು, ಯಾರಿಗೆ ಏನು ಬಿದ್ದಿತ್ತೆಂದು ಆಸ್ಪತ್ರೆಯಲ್ಲಿ ಹೇಳಿದ ದಿನ ಅವನು ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದ. ‘ಅಸಲೀನೇ ಕಣ್ಲಾ ನಂಗೆ ಬಿದ್ದಿದ್ದು!’ ಎಂದು ಗಿರಾಕಿಗಳಿಗೆಲ್ಲ ಹಂಚಿದ. ನನಗೂ ಒಂದು ತುಂಡು ಚಾಚಿ, ‘ಓ, ನಿಂಗಾಗಲ್ಲ ಅಲ್ವಾ’ ಎಂದು ತನ್ನ ಬಾಯಿಗೇ ಹಾಕಿಕೊಂಡ. ಆ ಉರಿಗೆ ಮಾರನೆಯ ಬೆಳಿಗ್ಗೆ ನಾನು ಟ್ಯಾಂಕಿನ ಕಂಬ ಮುಟ್ಟಿದೆ, ಅವನಿಗಿಂತ ಮೊದಲು. ತಿರುಗಿ ನೋಡಿದರೆ ಅವನು ಅರ್ಧ ದಾರಿಯಲ್ಲಿ ಮೋರಿ ಕಟ್ಟೆಯ ಮೇಲೆ ಕೂತು ಲೇಸು ಬಿಗಿಯುತ್ತಿದ್ದ. ‘ಶೂ ಕಚ್ತೈತೆ’ ಎಂದ. ಬರಬರುತ್ತ ಶೂ ಕಚ್ಚುವುದು ಹೆಚ್ಚಾಯಿತು. ನನಗೆ ಅದೂ ಜಂಬವಾಗಿಯೇ ಕಂಡಿತು.

ಮುಂದೊಂದು ಸಲ ಡಾಕ್ಟರಮ್ಮ ನನ್ನ ಕಾಲಿಗೆ ಪಟ್ಟಿ ಕಟ್ಟಿ ನೋಡಿ, ಇನ್ನು ಕಾಲು ತೆಗೆಯುವ ಮಾತಿಲ್ಲ, ಹೀಗೇ ನಡೆಯುತ್ತಿರಿ ಎಂದರು. ರೈಲಿಳಿದವನೇ ಅವನ ಬಸ್ಸಿನ ಹತ್ತಿರ ಹೋಗಿ ಹೇಳಿದೆ. ‘ಔಷಧಿ ಇಲ್ದೇನೇ? ಇರಾಕಿಲ್ಲ ಬುಡು’ ಎಂದು ಗಾಜು ಒರೆಸುತ್ತಲೇ ಇದ್ದ. ಅವನ ಮುಖದಲ್ಲಿ ಒಂದು ಚೂರಾದರೂ ಅಸೂಯೆ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಉರಿದುಕೊಂಡೆ.

ಒಂದು ಬೆಳಿಗ್ಗೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಬ್ರೇಕ್ ಎಳೆದು, ಸೀಟಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಒಳಗಿದ್ದವರಿಗೆ ಒಂದು ಕುಲುಕೂ ಆಗಲಿಲ್ಲವಂತೆ.

ಮೈ ತೊಳೆಸುವಾಗ ಸಾಕ್ಸ್ ಬಿಚ್ಚಿದವನು ನಾನು. ಎಡಗಾಲಿನ ಹೆಬ್ಬೆರಳು ನೇರಳೆ ಹಣ್ಣಿನ ಹಾಗೆ ಕಪ್ಪಾಗಿತ್ತು. ಪಕ್ಕದ ಬೆರಳಿಗೆ ಬಟ್ಟೆ ಸುತ್ತಿತ್ತು. ಅವನ ಹೆಂಡತಿ, ನನ್ನ ಅತ್ತಿಗೆ, ಬಾಗಿಲ ಬಳಿಯಿಂದ ನೋಡುತ್ತಿದ್ದರು.

‘ಉಪ್ಪುನೀರು ಕಣಪ್ಪ ಅವ್ರಿಗೆ ಬಿದ್ದಿದ್ದು’ ಎಂದರು. ‘ನಿಂಗೆ ಮಾತ್ರ ಹೇಳ್ಬೇಡ ಅಂತ ಆಣೆ ಹಾಕಿದ್ರು. ಅವ್ನಿಗೆ ಬುದ್ಧಿ ಹೇಳುದ್ರೆ ಒಂದಡಿ ಇಡಾಕಿಲ್ಲ, ಹೊಟ್ಟೆ ಉರುದ್ರೆ ಊರೇ ಸುತ್ತಿ ಬತ್ತಾನೆ, ಅವನ್ ಕಾಲಾರ ಉಳೀಲಿ ಅನ್ನೋರು. ಆ ಕಂಬ ಮುಟ್ಟಿ ಬಂದ ದಿನ ಮದ್ಯಾನದ ಗಂಟ ಕಾಲು ಹಿಡ್ಕಂಡು ಕೂರೋರು.’

ಚಟ್ಟಕ್ಕೆ ಹೆಗಲು ಕೊಡಲು ಮುಂದಾದೆ. ‘ನಿನ್ ಕಾಲಲ್ಲಿ ಆಗಾಕಿಲ್ಲ, ಬುಡು’ ಎಂದರು ಮಾವ. ‘ಆಯ್ತದೆ ಮಾವ’ ಎಂದೆ. ಸ್ಮಶಾನದ ದಾರಿ ಅದೇ ಗೋಡೆಯ ಗುಂಟ, ಟ್ಯಾಂಕಿನ ಆಚೆಗೆ. ದಾರಿಯಲ್ಲಿ ಉಳಿದವರು ಹೆಗಲು ಬದಲಿಸಿದರು, ನಾನು ಬದಲಿಸಲಿಲ್ಲ. ಅಳು ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಹಳೆಯ ಉರಿಯೂ ಇತ್ತು. ಇನ್ನೊಬ್ಬನ ಕಾಲು ಉಳಿಸಲು ನೋವು ನುಂಗಿಕೊಂಡು ಹಲ್ಲು ತೋರಿಸುವ ಗುಣ ಅವನಿಗಿತ್ತು, ನನಗಿರಲಿಲ್ಲ. ಅದರಲ್ಲೂ ಅವನೇ ದೊಡ್ಡಳಿಯ. ಟ್ಯಾಂಕಿನ ಕಂಬ ಬಂದಾಗ ರೂಢಿಯಂತೆ ಕೈ ಚಾಚಿ ಮುಟ್ಟಿದೆ. ಅವತ್ತು ಮಾತ್ರ ನಾವಿಬ್ಬರೂ ಅಲ್ಲಿಗೆ ಒಟ್ಟಿಗೇ ತಲುಪಿದ್ದೆವು.