ನಿಂತು ಕಲಿತ ಮಗ್ಗಿ

ತೋಡಾರಿನ ಅಶ್ವಿತಾ ಬೆಳಗಿನಿಂದ ಲ್ಯಾಪ್‌ಟಾಪಿನೆದುರು ಕೂತು, "ಇದು ಬೇಡ, ಇದೂ ಬೇಡ, ಇದು ಇರಲಿ" ಎನ್ನುವುದು ರಸ್ತೆಗೆ ಕೇಳಿಸುತ್ತಿತ್ತು. ಸೀರೆ ಆರಿಸುತ್ತಿದ್ದಾಳೆಂದೇ ಈ ಬರಹಗಾರನೂ ಸೇರಿ ನೆರೆಕರೆಯವರೆಲ್ಲ ನಂಬಿದ್ದರು. ಅವಳ ಗಂಡನ ಬಗ್ಗೆ ಮರುಕಪಟ್ಟದ್ದೂ ಉಂಟು.

ಅವಳು ಆರಿಸುತ್ತಿದ್ದದ್ದು ಶಿಕ್ಷಣದ ಸಂಶೋಧನೆಗಳನ್ನು. ಹೇಗೆ ಕಲಿಸಿದರೆ ಮಕ್ಕಳು ನಿಜಕ್ಕೂ ಕಲಿಯುತ್ತಾರೆಂದು ಪರಿಶೀಲಿಸುವ ತಂಡವೊಂದಕ್ಕೆ, ಯಾವ ಅಧ್ಯಯನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂದು ಹೇಳುವುದು ಅವಳ ಕೆಲಸ. ಒಂದೊಂದನ್ನೂ ಇಬ್ಬರು ಪರಸ್ಪರ ಮಾತಾಡದೆ ಓದಬೇಕು. ಮೆಲ್ಕಾರಿನ ಆಫ್ರಾ ಅವಳ ಜೋಡಿ.

ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಚಾವಡಿಯ ಮೂಲೆಯಲ್ಲಿ ಮಾತ್ರ. ಅಲ್ಲಿಯ ಗೋಡೆಯಲ್ಲಿ ಮಾವ ವೆಂಕಟೇಶ್ವರ ಮಾಸ್ಟ್ರ ಸಂಶೋಧನಾ ಲೇಖನ, ಅವರ ಫೋಟೋ ಸಮೇತ, ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಅದರ ಕೆಳಗೆ ಅಶ್ವಿತಾ. ಪಕ್ಕದ ಕುರ್ಚಿಯಲ್ಲಿ, ನಿವೃತ್ತಿಯಾದಂದಿನಿಂದ, ಸ್ವತಃ ಮಾವ. ಬೆಳ್ತಂಗಡಿಯ ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಮಗ್ಗಿ ಕಲಿಸಿದಾಗ ಮಾರ್ಕು ಏರಿತೆಂಬುದು ಅವರ ಶೋಧ. ಮಕ್ಕಳಿಗೆ ಕಾಲು ನೋವಾದದ್ದು ಲೇಖನದಲ್ಲಿಲ್ಲ.

ಒಂದು ಬೆಳಿಗ್ಗೆ ಪರದೆಯ ಮೇಲೆ ಅದೇ ಲೇಖನ ಬಂತು.

"ಹೋ, ಬಂತಲ್ಲ!" ಮಾವ ಕನ್ನಡಕ ಏರಿಸಿದರು. "ಒತ್ತು ಮಗಾ, ಇರಲಿ ಅಂತ ಒತ್ತು. ನನ್ನದನ್ನು ತೆಗೆದುಕೊಳ್ತಾರೆ ಅಂತ ಮೂಡುಬಿದಿರೆಯಲ್ಲಿ ಎಲ್ಲರಿಗೂ ಹೇಳಿ ಆಗಿದೆ."

ಅಶ್ವಿತಾಳ ಬೆರಳು ಅಲ್ಲೇ ನಿಂತಿತು. ಒತ್ತಿದರೆ ಕೆಲಸಕ್ಕೆ ದ್ರೋಹ. ಒತ್ತದಿದ್ದರೆ ಇದೇ ಮೂಲೆ, ಇದೇ ಫೋಟೋ, ಇದೇ ಕುರ್ಚಿಯ ಪಕ್ಕ ಆಯುಷ್ಯ ಸವೆಸಬೇಕು. ಎದ್ದು ಒಳಗೆ ಹೋಗುವ ಎಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ.

"ಸಂಬಂಧಿಕರದ್ದನ್ನು ನಾನು ನೋಡುವ ಹಾಗಿಲ್ಲ ಮಾವ, ನಿಯಮ ಉಂಟು. ಬೇರೆಯವರಿಗೆ ಕೊಡ್ತೇನೆ."

"ಓಹೋ, ಸೊಸೆಗೇ ಮಾವ ಬೇಡವಾದನಾ?" ಎಂದವರು, ಸ್ವಲ್ಪ ಯೋಚಿಸಿ, "ಕೊಡು, ಕೊಡು. ಹೊರಗಿನವರು ಮೆಚ್ಚಿದರೆ ತೂಕ ಜಾಸ್ತಿ" ಎಂದು ತಾವೇ ಸಮಾಧಾನಗೊಂಡರು.

ಹೊರಗಿನವರು ಮೆಚ್ಚಲಿಲ್ಲ. ಆಫ್ರಾಳೂ ತಂಡದ ಇನ್ನೊಬ್ಬರೂ ಬೇರೆ ಬೇರೆ ಓದಿ, ಒಂದೇ ಕಾರಣಕ್ಕೆ ಬಿಟ್ಟಿದ್ದರು: ಕೂತು ಕಲಿತ ತರಗತಿಯೊಂದರ ಜೊತೆ ಹೋಲಿಕೆಯೇ ಇಲ್ಲ.

ಮಾವ ಮಾತು ಬಿಟ್ಟರು. ಕುರ್ಚಿ ಬಿಡಲಿಲ್ಲ. ಅವರು ಉಸಿರೆಳೆದಾಗಲೆಲ್ಲ ಅಶ್ವಿತಾಳಿಗೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು. "ಇದು ಬೇಡ" ಎನ್ನುವುದನ್ನು ಈಗ ಅವಳು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಕೊನೆಗೊಂದು ಸಂಜೆ ಚಾ ಲೋಟ ಕೆಳಗಿಟ್ಟು ಮಾವ ಬಾಯಿಬಿಟ್ಟರು. "ಅಲ್ಲ ಮಗಾ, ಅವರಿಗೆ ಅದರಲ್ಲಿ ನನ್ನ ಫೋಟೋ ಸರಿ ಕಾಣಲಿಲ್ಲವಾ ಏನು?"

"ಫೋಟೋ ಕಂಡಿದೆ ಮಾವ. ಕೂತು ಕಲಿತ ಮಕ್ಕಳು ಕಾಣಲಿಲ್ಲ."